ಕಡಲ ನಡುವಿನ ತೈಲವೇದಿಕೆಗಳಿಗೆ ಸರಬರಾಜು: ಉಗ್ರಾಣದ ಪುಸ್ತಕದಿಂದ ಗಣಕ ತಂತ್ರಾಂಶದವರೆಗೆ

ಭೂಗರ್ಭದಿಂದ ತೈಲವನ್ನು ತೆಗೆಯುವ ವಿದ್ಯೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಭೂವಿಜ್ಞಾನಿಗಳ ಊಹೆಗಳನ್ನೂ, ಬಾವಿ ಕೊರೆಯುವ ಯಂತ್ರಗಳ ಸಾಮರ್ಥ್ಯವನ್ನೂ, ಬಂಡವಾಳ ಹೂಡಿದವರ ಸಾಹಸವನ್ನೂ ವರ್ಣಿಸಿದ್ದಾರೆಯೇ ಹೊರತು, ತೀರದಿಂದ ನೂರಾರು ಕಿಲೋಮೀಟರು ದೂರದಲ್ಲಿ, ಸುತ್ತಲೂ ನೀರಲ್ಲದೆ ಬೇರೇನೂ ಕಾಣದ ಉಕ್ಕಿನ ವೇದಿಕೆಯ ಮೇಲೆ ದುಡಿಯುವವರಿಗೆ ನಾಳೆಯ ಆಹಾರವನ್ನೂ, ಕುಡಿಯುವ ನೀರನ್ನೂ, ಕೊಳವೆಗಳನ್ನೂ, ಸಿಮೆಂಟನ್ನೂ, ಡೀಸೆಲನ್ನೂ ಯಾರು, ಯಾವ ಲೆಕ್ಕಾಚಾರದ ಮೇಲೆ ಕಳುಹಿಸುತ್ತ ಬಂದರೆಂಬುದನ್ನು ವಿಚಾರಿಸಿದವರು ವಿರಳ. ಆ ಲೆಕ್ಕಾಚಾರವು ಇಂದು ಗಣಕ ತಂತ್ರಾಂಶದ ಅಧೀನದಲ್ಲಿದೆ. ಆದರೆ ಅದು ಅಲ್ಲಿಗೆ ಬಂದು ಸೇರಿದ ದಾರಿ ನಾವು ಸಾಮಾನ್ಯವಾಗಿ ಭಾವಿಸುವಂಥದಲ್ಲ. ಅದಕ್ಕೆ ಅಗತ್ಯವಾದ ಗಣಿತವು 1960ಕ್ಕೆ ಮುಂಚೆಯೇ, ಅದೂ ತೈಲೋದ್ಯಮದ ಆಶ್ರಯದಲ್ಲಿಯೇ ಜನ್ಮತಾಳಿದ್ದಿತು. ಹಾಗಿದ್ದರೂ ಸರಬರಾಜು ನೌಕೆಗಳ ಯಾನವನ್ನು ಗಣಕದಿಂದ ಯೋಜಿಸುವ ಕಾರ್ಯ ನೆಲೆಗೊಳ್ಳಲು ಮತ್ತೆ ನಾಲ್ಕು ದಶಕಗಳು ಹಿಡಿದುವು. ಈ ವಿಳಂಬದ ಕಾರಣವನ್ನು ಹುಡುಕುತ್ತ ಹೋದರೆ ನಾವು ತಲಪುವುದು ಗಣಿತಜ್ಞನ ಕೋಣೆಯನ್ನಲ್ಲ, ಬಂದರಿನ ಉಗ್ರಾಣವನ್ನು.

ಕಥೆಯ ಆರಂಭವನ್ನು 1947ರಲ್ಲಿ ಗುರುತಿಸುವುದು ಯುಕ್ತ. ಆ ವರ್ಷ ಅಮೆರಿಕದ ಲೂಯಿಸಿಯಾನ ತೀರದಿಂದ ದೃಷ್ಟಿ ಹಾಯದಷ್ಟು ದೂರದಲ್ಲಿ, ಮೆಕ್ಸಿಕೋ ಕೊಲ್ಲಿಯ ನೀರಿನಲ್ಲಿ, ಕೆರ್-ಮೆಗೀ ಸಂಸ್ಥೆಯವರು ತೈಲದ ಬಾವಿಯನ್ನು ಕೊರೆದರು. ಅವರು ಕಟ್ಟಿದ ವೇದಿಕೆ ಬಹು ಚಿಕ್ಕದು. ಕೊರೆಯುವ ಯಂತ್ರಕ್ಕೆ ಸಾಲುವಷ್ಟು ಜಾಗ ಮಾತ್ರ ಅದರಲ್ಲಿದ್ದಿತು. ಉಳಿದ ಸಾಮಗ್ರಿ, ಕೆಲಸಗಾರರ ವಸತಿ, ಅಡಿಗೆಮನೆ ಇವೆಲ್ಲವೂ ಮಹಾಯುದ್ಧದ ನಂತರ ನೌಕಾಪಡೆಗೆ ಬೇಡವಾದ ಒಂದು ನಾವೆಯಲ್ಲಿ, ವೇದಿಕೆಯ ಮಗ್ಗುಲಲ್ಲಿ ಲಂಗರು ಹಾಕಿಕೊಂಡು ನಿಂತಿದ್ದುವು. ಉಗ್ರಾಣವು ಕೆಲಸದ ಸ್ಥಳದಿಂದ ಪ್ರತ್ಯೇಕವಾದದ್ದು ಇಲ್ಲಿಯೇ. ಮುಂದೆ 1955ರಲ್ಲಿ ಆಲ್ಡನ್ ಲಬೋರ್ಡ್ ಎಂಬವರ ಕಲ್ಪನೆಯಂತೆ ‘ಎಬ್ ಟೈಡ್’ ಎಂಬ ನೌಕೆ ನೀರಿಗಿಳಿದಾಗ, ತೈಲವೇದಿಕೆಗೆ ಸಾಮಾನು ಒಯ್ಯುವುದಕ್ಕಾಗಿಯೇ ರಚಿತವಾದ ನೌಕಾಜಾತಿಯೊಂದು ಹುಟ್ಟಿಕೊಂಡಿತು. ಚುಕ್ಕಾಣಿಯ ಕೋಣೆ ಮುಂತುದಿಗೆ ಸರಿದು, ಹಿಂಭಾಗವೆಲ್ಲ ತೆರೆದ ಚಪ್ಪಟೆ ಅಂಗಳವಾಯಿತು. ಇಂದಿಗೂ ಉತ್ತರ ಸಮುದ್ರದಲ್ಲಾಗಲಿ ಅರಬ್ಬೀ ಸಮುದ್ರದಲ್ಲಾಗಲಿ ಓಡಾಡುವ ಸರಬರಾಜು ನೌಕೆಗಳ ಆಕಾರ ಮೂಲತಃ ಅದೇ. ಆ ತೆರೆದ ಅಂಗಳದ ಚದರಳತೆಯೇ ಮುಂದೆ ಎಲ್ಲ ತಂತ್ರಾಂಶಗಳ ಮೊದಲ ನಿರ್ಬಂಧವಾಗಿ ಪರಿಣಮಿಸಿತು.

ಈ ಸರಬರಾಜಿನ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯದೆ ಮುಂದುವರಿಯುವುದು ಸಾಧ್ಯವಿಲ್ಲ. ನೌಕೆಯ ಅಂಗಳದ ಮೇಲೆ ಹೋಗುವುವು ಪೆಟ್ಟಿಗೆಗಳು, ಬುಟ್ಟಿಗಳು, ಕೊಳವೆಯ ಕಟ್ಟುಗಳು. ಅಂಗಳದ ಕೆಳಗಿನ ತೊಟ್ಟಿಗಳಲ್ಲಿ ಹೋಗುವುವು ಬಾವಿ ಕೊರೆಯುವಾಗ ಬಳಸುವ ಬ್ಯಾರೈಟು, ಬೆಂಟೊನೈಟು ಎಂಬ ಖನಿಜದ ಪುಡಿಗಳು, ಸಿಮೆಂಟಿನ ಪುಡಿ, ಉಪ್ಪುನೀರು, ಕುಡಿಯುವ ನೀರು, ಡೀಸೆಲು. ಒಂದು ತೊಟ್ಟಿಯಲ್ಲಿದ್ದುದನ್ನು ಖಾಲಿಮಾಡಿ ತೊಳೆಯದ ಹೊರತು ಅದರಲ್ಲಿ ಇನ್ನೊಂದನ್ನು ತುಂಬುವಂತಿಲ್ಲ. ವೇದಿಕೆಯ ಬಳಿ ತಲಪಿದ ಮೇಲೆ ನೌಕೆಯು ಅಲೆಗಳ ಮೇಲೆ ಏರಿಳಿಯುತ್ತಿರುವಾಗಲೇ ವೇದಿಕೆಯ ಕ್ರೇನು ಒಂದೊಂದು ಪೆಟ್ಟಿಗೆಯನ್ನು ಎತ್ತಿಕೊಳ್ಳತಕ್ಕದ್ದು. ಆದುದರಿಂದ ಮೊದಲು ಇಳಿಯಬೇಕಾದುದನ್ನು ಮೂಲೆಯಲ್ಲಿ ಸಿಕ್ಕಿಸುವಂತಿಲ್ಲ. ಇದಕ್ಕಿಂತಲೂ ಕಠಿನವಾದದ್ದು ಹಿಂದಿರುಗುವ ಸಾಮಾನಿನ ಪ್ರಶ್ನೆ. ಖಾಲಿ ಪೆಟ್ಟಿಗೆ, ದುರಸ್ತಿಗೆ ಹೋಗಬೇಕಾದ ಪಂಪು, ಬಾಡಿಗೆಗೆ ತಂದ ಉಪಕರಣ, ಕಸ, ಬಾವಿಯಿಂದ ಮೇಲೆ ಬಂದ ಕಲ್ಲುಚೂರು ಇವೆಲ್ಲ ವೇದಿಕೆಯಿಂದ ತೀರಕ್ಕೆ ಮರಳಬೇಕು. ಅವು ಮರಳದಿದ್ದರೆ ಹೊಸದನ್ನು ಇಳಿಸಲು ವೇದಿಕೆಯಲ್ಲಿ ಅಂಗುಲ ಜಾಗವೂ ಇರದು. ಪೇಟೆಯ ಅಂಗಡಿಗೆ ಸರಕು ಇಳಿಸಿ ಬರಿಗೈಯಲ್ಲಿ ಹಿಂದಿರುಗುವ ಲಾರಿಯಂತೆ ಈ ನೌಕೆ ಎಂದೂ ವರ್ತಿಸಲಾರದು.

ಇನ್ನು ಗಣಿತದ ಕಡೆಗೆ ತಿರುಗೋಣ. ಎಷ್ಟು ದಾಸ್ತಾನನ್ನು ಒಮ್ಮೆಗೆ ತರಿಸಬೇಕೆಂಬ ಪ್ರಶ್ನೆಗೆ ಫೋರ್ಡ್ ಹ್ಯಾರಿಸ್ 1913ರಲ್ಲಿಯೇ ಒಂದು ಸೂತ್ರವನ್ನು ಕೊಟ್ಟಿದ್ದರು. 1947ರಲ್ಲಿ, ಅಂದರೆ ಮೆಕ್ಸಿಕೋ ಕೊಲ್ಲಿಯ ಆ ಬಾವಿ ಕೊರೆಯಲ್ಪಟ್ಟ ವರ್ಷದಲ್ಲಿಯೇ, ಜಾರ್ಜ್ ಡಾಂಟ್ಸಿಗ್ ಅಮೆರಿಕದ ವಾಯುಪಡೆಯ ಸರಬರಾಜು ಯೋಜನೆಗಳನ್ನು ಪರಿಶೀಲಿಸುತ್ತ ‘ಸಿಂಪ್ಲೆಕ್ಸ್’ ಎಂಬ ಗಣನಕ್ರಮವನ್ನು ರೂಪಿಸಿದರು. ಪರಿಮಿತ ಸಂಪನ್ಮೂಲಗಳನ್ನು ಹಲವು ಅಗತ್ಯಗಳ ನಡುವೆ ಅತ್ಯಂತ ಮಿತವ್ಯಯದಿಂದ ಹಂಚುವ ಈ ಗಣಿತವನ್ನು ತೈಲೋದ್ಯಮವು ಅತ್ಯುತ್ಸಾಹದಿಂದ ಸ್ವಾಗತಿಸಿತು. ಚಾರ್ನ್ಸ್, ಕೂಪರ್, ಮೆಲ್ಲನ್ ಎಂಬ ಮೂವರು 1952ರಲ್ಲಿ ವಿಮಾನಗಳ ಇಂಧನಮಿಶ್ರಣವನ್ನು ಈ ರೀತಿಯಿಂದ ನಿರ್ಣಯಿಸುವ ಬಗೆಯನ್ನು ಪ್ರಕಟಿಸಿದರು. 1959ರಲ್ಲಿ ಡಾಂಟ್ಸಿಗ್ ಮತ್ತು ಅಟ್ಲಾಂಟಿಕ್ ರಿಫೈನಿಂಗ್ ಕಂಪನಿಯ ಜಾನ್ ರಾಮ್ಸರ್ ಜೊತೆಗೂಡಿ, ಒಂದು ದಾಸ್ತಾನು ಕೇಂದ್ರದಿಂದ ಅನೇಕ ಪೆಟ್ರೋಲು ಬಂಕುಗಳಿಗೆ ಟ್ಯಾಂಕರುಗಳನ್ನು ಯಾವ ಕ್ರಮದಲ್ಲಿ ಕಳುಹಿಸಿದರೆ ಒಟ್ಟು ಓಡಾಟ ಕನಿಷ್ಠವಾದೀತೆಂಬ ಪ್ರಶ್ನೆಯನ್ನು ಎತ್ತಿದರು. ಇಂದು ಜಗತ್ತಿನ ಸಮಸ್ತ ಸಾಗಣೆ ತಂತ್ರಾಂಶಗಳ ಮೂಲಪುರುಷನೆಂದು ಎಣಿಸಬಹುದಾದ ಲೇಖನ ಅದು. ಅದರ ದೃಷ್ಟಾಂತದಲ್ಲಿ ಇದ್ದುವು ಕೇವಲ 12 ನಿಲುಗಡೆಗಳು. ಲೆಕ್ಕವನ್ನು ಕೈಯಿಂದಲೂ ಮಾಡಬಹುದಾಗಿದ್ದಿತು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಆ ಕ್ರಮವನ್ನು ಇನ್ನಷ್ಟು ಸುಲಭಗೊಳಿಸಿದರು.

ಇಲ್ಲೊಂದು ಆಶ್ಚರ್ಯವನ್ನು ಗಮನಿಸಬೇಕು. ತೈಲವನ್ನು ಶುದ್ಧೀಕರಿಸುವ, ಬೆರೆಸುವ, ಮಾರುವ ಕಾರ್ಯಗಳಿಗೆ ಗಣಿತವು 1950ರ ದಶಕದಲ್ಲಿಯೇ ಪ್ರವೇಶಿಸಿತು; ಆ ತೈಲವನ್ನು ಕಡಲ ನಡುವೆ ತೆಗೆಯುವ ಮನುಷ್ಯರ ಅನ್ನೋದಕಗಳನ್ನು ಯೋಜಿಸುವ ಕಾರ್ಯದಲ್ಲಿ ಮಾತ್ರ ಬಹುಕಾಲ ಪೆನ್ಸಿಲು ಮತ್ತು ಕಾಗದಗಳೇ ಆಳಿದುವು. ಇದಕ್ಕೆ ಕೇವಲ ಉಪೇಕ್ಷೆಯನ್ನು ಕಾರಣವಾಗಿ ಹೇಳಿದರೆ ಅನ್ಯಾಯವಾದೀತು. ಹ್ಯಾರಿಸ್ಸರ ಸೂತ್ರವು ಬೇಡಿಕೆ ಸ್ಥಿರವಾಗಿರುತ್ತದೆಂದು ಭಾವಿಸುತ್ತದೆ. ಬಾವಿ ಕೊರೆಯುವವನ ಬೇಡಿಕೆಯೋ ಭೂಮಿಯ ಪದರದಿಂದ ಪದರಕ್ಕೆ ಬದಲಾಗುತ್ತದೆ. ಡಾಂಟ್ಸಿಗ್–ರಾಮ್ಸರರ ಟ್ಯಾಂಕರು ಇಳಿಸುತ್ತದೆ, ಏರಿಸಿಕೊಳ್ಳುವುದಿಲ್ಲ. ಅದರ ದಾರಿಗೆ ಅಲೆಗಳಿಲ್ಲ. ಇಂಧನಮಿಶ್ರಣದ ಲೆಕ್ಕಕ್ಕೆ ಬೇಕಾದ ಅಂಕಿಗಳು ಪ್ರಯೋಗಶಾಲೆಯಲ್ಲಿ ಸಿದ್ಧವಾಗಿದ್ದರೆ, ವೇದಿಕೆಯ ಮೇಲೆ ಯಾವ ವಸ್ತು ಎಷ್ಟು ಉಳಿದಿದೆಯೆಂಬ ಅಂಕಿಯು ರೇಡಿಯೋದ ಗೊರಗೊರ ಧ್ವನಿಯಲ್ಲಿಯೋ ಟೆಲೆಕ್ಸಿನ ಪಟ್ಟಿಯಲ್ಲಿಯೋ ಬರಬೇಕಾಗಿತ್ತು.

1969ರ ಕೊನೆಯಲ್ಲಿ ನಾರ್ವೆಯ ಭಾಗದ ಉತ್ತರ ಸಮುದ್ರದಲ್ಲಿ ಎಕೋಫಿಸ್ಕ್ ತೈಲಕ್ಷೇತ್ರವು ದೊರಕಿದ ಮೇಲೆ, ಈ ಪ್ರಶ್ನೆಯ ಗಾತ್ರವೇ ಬದಲಾಯಿತು. ಸ್ಕಾಟ್ಲೆಂಡಿನ ಅಬರ್ಡೀನ್, ಪೀಟರ್‌ಹೆಡ್‌ಗಳಲ್ಲಿಯೂ ನಾರ್ವೆಯ ಸ್ಟವಾಂಗರ್ ಬಳಿಯ ದುಸಾವಿಕ್‌ನಲ್ಲಿಯೂ ಸರಬರಾಜು ನೆಲೆಗಳು ಮೇಲೆದ್ದುವು. ಆ ಕಾಲದಲ್ಲಿ ಗಣಕಯಂತ್ರಕ್ಕೆ ಒಪ್ಪಿಸಲ್ಪಟ್ಟದ್ದು ಮುಖ್ಯವಾಗಿ ಖರೀದಿ ಮತ್ತು ದಾಸ್ತಾನಿನ ಲೆಕ್ಕ. ಯಂತ್ರಗಳ ದುರಸ್ತಿಯ ದಾಖಲೆ ಇನ್ನೊಂದು ಪ್ರತ್ಯೇಕ ವ್ಯವಸ್ಥೆಯಲ್ಲಿ. ನೌಕೆಗಳ ಓಡಾಟವು ನೆಲೆಯ ಅಧಿಕಾರಿಯ ಗೋಡೆಯ ಹಲಗೆಯ ಮೇಲೆ. ವಸ್ತುವೊಂದು ಉಗ್ರಾಣದಿಂದ ಹೊರಟಿತೆಂದು ಗಣಕಕ್ಕೆ ತಿಳಿದ ಕ್ಷಣದಲ್ಲಿಯೇ ಅದು ಲೆಕ್ಕದಿಂದ ಮಾಯವಾಗುತ್ತಿತ್ತು. ಅದು ಧಕ್ಕೆಯಲ್ಲಿದೆಯೋ, ನೌಕೆಯಲ್ಲಿದೆಯೋ, ವೇದಿಕೆಯ ಮೂಲೆಯಲ್ಲಿ ಬಿಚ್ಚದೆ ಬಿದ್ದಿದೆಯೋ ಎಂಬುದನ್ನು ಯಾವ ಪುಸ್ತಕವೂ ಹೇಳುತ್ತಿರಲಿಲ್ಲ. ಬೇಕಾದ ಬಿಡಿಭಾಗವು ಸಿಗದಾದಾಗ ಅದನ್ನೇ ಮತ್ತೊಮ್ಮೆ ತರಿಸುವುದು ವೇದಿಕೆಯಲ್ಲಿ ನಿಂತವನಿಗೆ ಸಹಜವಾದ ಆತ್ಮರಕ್ಷಣೆ.

ನಮ್ಮ ದೇಶದಲ್ಲಿ ಈ ಅಧ್ಯಾಯ ತೆರೆದದ್ದು 1974ರ ಫೆಬ್ರವರಿಯಲ್ಲಿ, ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ವೇದಿಕೆಯು ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿ ಬಾಂಬೆ ಹೈ ತೈಲಕ್ಷೇತ್ರವನ್ನು ಕಂಡುಹಿಡಿದಾಗ. 1976ರ ಮೇ ತಿಂಗಳಲ್ಲಿ ಅಲ್ಲಿ ಉತ್ಪಾದನೆ ಮೊದಲಾಯಿತು. ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಮುಂಬಯಿ ಬಂದರಿನ ಎದುರು ದಡದ ನ್ಹಾವಾದಲ್ಲಿ ತನ್ನ ಸರಬರಾಜು ನೆಲೆಯನ್ನು ಸ್ಥಾಪಿಸಿತು. ಉತ್ತರ ಸಮುದ್ರದಲ್ಲಿ ಬಿರುಗಾಳಿಗಳು ಬಿಟ್ಟು ಬಿಟ್ಟು ಬಂದು ಹೋಗುವುವಾದರೆ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವು ಸತತವಾಗಿ ಬೀಸುತ್ತದೆ. ಭಾರಿ ಕಾಮಗಾರಿಗಳೆಲ್ಲ ಮಳೆಗಾಲವಲ್ಲದ ತಿಂಗಳುಗಳಲ್ಲಿಯೇ ಮುಗಿಯಬೇಕು. ಹೀಗಾಗಿ ಇಲ್ಲಿಯ ಯೋಜನೆಯಲ್ಲಿ ವಾರಕ್ಕಿಂತ ಋತುವಿನ ಗಣನೆಯೇ ಪ್ರಧಾನವಾಗುವುದು ಅನಿವಾರ್ಯ.

ಈ ಕ್ಷೇತ್ರದಲ್ಲಿಯೇ 2005ರ ಜುಲೈ 27ರಂದು ನಡೆದ ದುರಂತವನ್ನು ಇಲ್ಲಿ ಸ್ಮರಿಸದೆ ಇರಲಾಗದು. ‘ಸಮುದ್ರ ಸುರಕ್ಷಾ’ ಎಂಬ ಬಹೂಪಯೋಗಿ ನೌಕೆಯು, ಗಾಯಗೊಂಡ ತನ್ನ ಸಿಬ್ಬಂದಿಯೊಬ್ಬನನ್ನು ವೇದಿಕೆಗೆ ವರ್ಗಾಯಿಸುವ ಸಲುವಾಗಿ ಉತ್ತರದ ವೇದಿಕೆಯ ಸಮೀಪಕ್ಕೆ ಬಂದು, ಸಮುದ್ರತಳದಿಂದ ಮೇಲೇರುವ ಅನಿಲದ ಕೊಳವೆಗೆ ತಾಗಿತು; ಹೊತ್ತಿದ ಬೆಂಕಿಯಲ್ಲಿ ವೇದಿಕೆ ಸಂಪೂರ್ಣವಾಗಿ ನಾಶವಾಗಿ, 22 ಜನ ಪ್ರಾಣ ಕಳೆದುಕೊಂಡರು. ಆ ನೌಕೆ ಅಂದು ಬಂದದ್ದು ಸಾಮಾನು ಒಯ್ಯುವುದಕ್ಕಲ್ಲವಾದರೂ, ನೌಕೆಯೊಂದು ವೇದಿಕೆಯ ಮಗ್ಗುಲಿಗೆ ಬರುವ ಪ್ರತಿಯೊಂದು ಸಂದರ್ಭವೂ ಸ್ವತಃ ಅಪಾಯದ ಸಂದರ್ಭವೆಂಬುದನ್ನು ಆ ಘಟನೆ ಘೋರವಾಗಿ ತೋರಿಸಿಕೊಟ್ಟಿತು. ಸರಬರಾಜಿನ ತಂತ್ರಾಂಶವನ್ನು ಬರಿಯ ಖರ್ಚು ಉಳಿಸುವ ಸಾಧನವೆಂದು ವರ್ಣಿಸುವ ಬರಹಗಳು ಈ ಅಂಶವನ್ನು ಮರೆಯುತ್ತವೆ. ಅನಾವಶ್ಯಕವಾದ ಒಂದು ಭೇಟಿಯನ್ನು ತಪ್ಪಿಸುವ ಯೋಜನೆಯು ಡೀಸೆಲನ್ನು ಮಾತ್ರವೇ ಅಲ್ಲ, ಮನುಷ್ಯರನ್ನೂ ಕಾಪಾಡುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಬಿಡಿಬಿಡಿಯಾಗಿದ್ದ ದಾಖಲೆಗಳನ್ನು ಒಂದೆಡೆ ಕೂಡಿಸುವ ಕಾರ್ಯಕ್ಕೆ ಅಡಿಗಲ್ಲಾದದ್ದು ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ದತ್ತಾಂಶದ ಸಿದ್ಧಾಂತ. ಅದರ ಮೇಲೆ ನಿಂತ ಬೃಹತ್ ತಂತ್ರಾಂಶಗಳಲ್ಲಿ, 1972ರಲ್ಲಿ ಜರ್ಮನಿಯಲ್ಲಿ ಆರಂಭವಾದ ಎಸ್‌ಎಪಿ ಸಂಸ್ಥೆ 1992ರಲ್ಲಿ ಹೊರತಂದ ಆರ್/3 ಪ್ರಸಿದ್ಧವಾದದ್ದು. ತೈಲೋದ್ಯಮಕ್ಕೆಂದು ಅದಕ್ಕೆ ಜೋಡಿಸಲ್ಪಟ್ಟ ಭಾಗಗಳಲ್ಲಿ ‘ರಿಮೋಟ್ ಲಾಜಿಸ್ಟಿಕ್ಸ್ ಮ್ಯಾನೇಜ್‌ಮೆಂಟ್’ ಎಂಬುದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದೆ. ಅದರ ಮುಖ್ಯವಾದ ಕಲ್ಪನೆ ಸರಳ: ತೀರದ ನೆಲೆಯೂ ದೂರದ ವೇದಿಕೆಯೂ ಎರಡು ಉಗ್ರಾಣಗಳು, ಅವುಗಳ ನಡುವಣ ಯಾನವೂ ದಾಸ್ತಾನಿರುವ ಒಂದು ಸ್ಥಾನ. ಇಂಡೆಂಟು ಬಂದ ಗಳಿಗೆಯಿಂದ, ಸಾಮಾನನ್ನು ಆರಿಸಿ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಯಾನಕ್ಕೆ ಸೇರಿಸಿ, ನೌಕೆಗೆ ಏರಿಸಿ, ವೇದಿಕೆಯಲ್ಲಿ ಇಳಿಸಿಕೊಂಡು ಒಪ್ಪಿಗೆ ಕೊಡುವವರೆಗಿನ ಹಂತಗಳಲ್ಲಿ ವಸ್ತುವು ಎಲ್ಲಿಯೂ ಲೆಕ್ಕದಿಂದ ತಪ್ಪಿಹೋಗಬಾರದು. ಹಿಂದಿರುಗುವ ಸಾಮಾನಿಗೂ ಇದೇ ನಿಯಮ. ಬಾಡಿಗೆಯ ಉಪಕರಣವು ಯಾರದು, ಎಂದಿನಿಂದ ವೇದಿಕೆಯಲ್ಲಿದೆ, ಅದರ ಬಾಡಿಗೆ ಇನ್ನೂ ಏರುತ್ತಿದೆಯೇ ಎಂಬ ಪ್ರಶ್ನೆಗೆ ಪ್ರಾಯಶಃ ಮೊದಲ ಬಾರಿಗೆ ಪುಸ್ತಕದಲ್ಲಿಯೇ ಉತ್ತರ ಸಿಗುವಂತಾಯಿತು. ಗಣಿತದ ದೃಷ್ಟಿಯಿಂದ ಇದರಲ್ಲಿ ಯಾವ ಚಮತ್ಕಾರವೂ ಇಲ್ಲ. ಇದು ಪ್ರಾಮಾಣಿಕವಾದ ಜಮಾ–ಖರ್ಚು. ಆದರೆ ನಾಲ್ಕು ದಶಕಗಳ ಗಣಿತವು ಕಾದು ಕುಳಿತದ್ದು ಈ ಜಮಾ–ಖರ್ಚಿಗಾಗಿಯೇ.

ಅಂಕಿಗಳು ನಂಬಿಕೆಗೆ ಅರ್ಹವಾದ ಕಾಲದಲ್ಲಿ ಗಣಿತವು ಮತ್ತೆ ಧಕ್ಕೆಗೆ ಬಂದಿತು, ಮತ್ತು ಅದು ಬಂದದ್ದು ನಾರ್ವೆಯಲ್ಲಿ. 2000ದಲ್ಲಿ ಫಾಗರ್‌ಹೋಲ್ಟ್ ಮತ್ತು ಲಿಂಡ್‌ಸ್ಟಾಡ್ ನಾರ್ವೀಜಿಯನ್ ಸಮುದ್ರದ ವೇದಿಕೆಗಳ ಸರಬರಾಜನ್ನು ಅಭ್ಯಸಿಸಿ, ರಾತ್ರಿಯಲ್ಲಿ ವೇದಿಕೆಗಳು ನೌಕೆಯನ್ನು ಬರಮಾಡಿಕೊಳ್ಳದಿರುವ ಪದ್ಧತಿಯ ವೆಚ್ಚವೇನೆಂಬಂಥ ಪ್ರಶ್ನೆಗಳನ್ನು ಗಣಿತಕ್ಕೆ ಒಳಪಡಿಸಿದರು. ಮೋಲ್ಡೆ ನಗರದ ವಿದ್ಯಾಸಂಸ್ಥೆಯಲ್ಲಿದ್ದ ಗ್ರಿಬ್ಕೋವ್‌ಸ್ಕಾಯಾ ಮತ್ತು ಅವರ ಸಹೋದ್ಯೋಗಿಗಳು 2007–08ರ ತಮ್ಮ ಲೇಖನಗಳಲ್ಲಿ ಹಿಂದಿರುಗುವ ಸಾಮಾನನ್ನೂ ವೇದಿಕೆಯ ಜಾಗದ ಅಭಾವವನ್ನೂ ಲೆಕ್ಕಕ್ಕೆ ತಂದುಕೊಂಡು, ಒಂದೇ ಯಾನದಲ್ಲಿ ಒಂದು ವೇದಿಕೆಗೆ ಎರಡು ಸಲ, ಮೊದಲು ಇಳಿಸಲು, ಬಳಿಕ ಏರಿಸಿಕೊಳ್ಳಲು ಹೋಗುವುದೂ ಕೆಲವೊಮ್ಮೆ ಲಾಭಕರವೆಂದು ತೋರಿಸಿದರು. 2012ರಲ್ಲಿ ಹಾಲ್ವರ್ಸನ್-ವೇರ್ ಮತ್ತಿತರರು ಪ್ರಕಟಿಸಿದ ಅಧ್ಯಯನವು ಸ್ಟಾಟಾಯಿಲ್ ಸಂಸ್ಥೆಯ ವಾಸ್ತವ ಸಮಸ್ಯೆಯಿಂದಲೇ ಹೊರಟದ್ದು. ಮೊದಲು ಸಾಧ್ಯವಾದ ಯಾನಗಳನ್ನೆಲ್ಲ ಎಣಿಸಿ, ಅನಂತರ ಅವುಗಳಿಂದ ವಾರದ ವೇಳಾಪಟ್ಟಿಯನ್ನು ಆಯ್ದುಕೊಳ್ಳುವುದು ಅವರ ಕ್ರಮ. ಅದರ ನಿರ್ಬಂಧಗಳನ್ನು ಓದುವಾಗ ಧಕ್ಕೆಯ ಮೇಲೆ ನಿಂತವನ ಧ್ವನಿಯೇ ಕೇಳಿಬರುತ್ತದೆ: ನೆಲೆಯ ಕೆಲಸದ ವೇಳೆ ಬೆಳಗಿನ 8ರಿಂದ ಸಂಜೆ 4ರವರೆಗೆ, ಒಂದು ದಿನ ಇಷ್ಟೇ ನೌಕೆಗಳಿಗೆ ಸಾಮಾನು ಏರಿಸಲು ಸಾಧ್ಯ, ಕೆಲವು ವೇದಿಕೆಗಳು ಸಂಜೆ 7ರಿಂದ ಬೆಳಗಿನ 7ರವರೆಗೆ ಮುಚ್ಚಿರುತ್ತವೆ, ಒಂದು ವೇದಿಕೆಗೆ ಹೊರಡುವ ನೌಕೆಗಳು ವಾರದಲ್ಲಿ ಹರಡಿಕೊಂಡಿರಬೇಕು.

ಇವುಗಳಲ್ಲಿ ಒಂದನ್ನೂ ಗಣಿತಜ್ಞನು ಕಲ್ಪಿಸಿದ್ದಲ್ಲ. ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದ ಅಧಿಕಾರಿಯು ಇವನ್ನೆಲ್ಲ ಬಲ್ಲವನಾಗಿದ್ದನು. ಅವನು ಬಲ್ಲದ್ದನ್ನು ಕೇಳಿ ಬರೆದುಕೊಂಡ ದಿನವೇ ತಂತ್ರಾಂಶವು ಉಪಯುಕ್ತವಾಯಿತು. ಹವೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಲೆಯ ಎತ್ತರವು 4.5 ಮೀಟರು ಮೀರಿದರೆ ವೇದಿಕೆಯ ಬಳಿ ಸಾಮಾನು ಇಳಿಸುವ ಕೆಲಸ ನಿಲ್ಲುತ್ತದೆಂದೂ, ಅದಕ್ಕಿಂತ ಕೆಳಗಿನ ಮಟ್ಟಗಳಲ್ಲಿ ಕೆಲಸ ನಿಧಾನವಾಗುತ್ತದೆಂದೂ ಹಾಲ್ವರ್ಸನ್-ವೇರ್ ಮತ್ತು ಫಾಗರ್‌ಹೋಲ್ಟ್ ತಮ್ಮ ಲೆಕ್ಕದಲ್ಲಿ ಸೇರಿಸಿಕೊಂಡರು. ಬೇಸಗೆಗೆ ಹೊಂದುವ ಬಿಗಿಯಾದ ವೇಳಾಪಟ್ಟಿಯು ಚಳಿಗಾಲದ ಒಂದು ಬಿರುಗಾಳಿಗೆ ಮುರಿದುಬಿದ್ದು, ತಡವಾದ ಒಂದು ನೌಕೆ ಮುಂದಿನ ಎರಡು ಯಾನಗಳನ್ನು ಕೆಡಿಸುತ್ತದೆ. ಆದುದರಿಂದ ಯಾನಗಳ ನಡುವೆ ಕೆಲವು ಗಂಟೆಗಳ ಬಿಡುವನ್ನು ಬೇಕೆಂದೇ ಇಟ್ಟುಕೊಳ್ಳುವ ವೇಳಾಪಟ್ಟಿಯು ಕಾಗದದ ಮೇಲೆ ದುಬಾರಿಯಾಗಿ ಕಂಡರೂ ವರ್ಷದ ಕೊನೆಗೆ ಅಗ್ಗವಾಗಬಲ್ಲದು. ಹಳೆಯ ಅಧಿಕಾರಿಗಳು ತಮ್ಮ ಹಲಗೆಯಲ್ಲಿ ಖಾಲಿ ಬಿಡುತ್ತಿದ್ದ ಆ ಗಂಟೆಗಳನ್ನು ಲೆಕ್ಕಪರಿಶೋಧಕರು ಪೋಲೆಂದು ಎಣಿಸುತ್ತಿದ್ದ ಕಾಲವಿದ್ದಿತು. ಈಗ ಅವು ಯೋಜನೆಯ ದೃಢತೆಯ ಅಳತೆಯಾಗಿ ತಂತ್ರಾಂಶದ ಒಳಗೆಯೇ ಸ್ಥಾನ ಪಡೆದಿವೆ.