ಎರಡು ಹೆಸರುಗಳ ನಡುವಿನ ಗೆರೆ

ಒಂದು ಸಣ್ಣ ಅಡ್ಡಗೆರೆಯ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಎರಡು ಪದಗಳನ್ನು ಕೂಡಿಸಲು ಅಚ್ಚುಕೂಟದವರು ನಡುವೆ ಇಡುವ ಗೆರೆ ಇದೆಯಷ್ಟೆ. ಹೈಫನ್ ಎಂದು ಅದರ ಹೆಸರು. ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಈ ಗೆರೆ ಮನುಷ್ಯರ ಹೆಸರುಗಳ ನಡುವೆ ಬಂದು ನಿಂತಾಗ ಏನೇನು ನಡೆಯಿತೆಂಬುದು ವಿಚಾರ ಮಾಡತಕ್ಕ ಸಂಗತಿ.

ಕೆಲವು ವೇಳೆ ಅದು ಸಂತೋಷದಿಂದಲೇ ಬರುತ್ತದೆ. ಫ್ರಾನ್ಸಿನ ವಿಜ್ಞಾನಿಗಳಾದ ಫ್ರೆಡೆರಿಕ್ ಜೋಲಿಯೊ ಮತ್ತು ಐರೀನ್ ಕ್ಯೂರಿ ೧೯೨೬ರಲ್ಲಿ ಮದುವೆಯಾದರು. ಐರೀನ್, ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿಯವರ ಮಗಳು. ದಂಪತಿಗಳಿಬ್ಬರೂ ಜೋಲಿಯೊ-ಕ್ಯೂರಿ ಎಂಬ ಜೋಡಿಹೆಸರಿನಿಂದ ಪ್ರಸಿದ್ಧರಾದರು. ೧೯೩೫ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಇಬ್ಬರಿಗೂ ಒಟ್ಟಿಗೇ ಬಂದಿತು. ಇಲ್ಲಿ ಗೆರೆ ಎಳೆದುಕೊಂಡವರು ಅದರ ಎರಡು ಬದಿಯವರೇ. ಆದ್ದರಿಂದ ಅದು ಯಾರಿಗೂ ಭಾರವಾಗಲಿಲ್ಲ.

ಇನ್ನು ಮನೆತನದ ಹೆಸರಿನಿಂದ ಜನಸಮುದಾಯದ ಹೆಸರಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿ, ಐರ್ಲೆಂಡ್ ಮೊದಲಾದ ದೇಶಗಳಿಂದ ಹಡಗು ಹಡಗಾಗಿ ಜನ ಅಮೆರಿಕಕ್ಕೆ ಹೋಗಿ ಇಳಿದರು. ಹೊಲ ಕೊಂಡರು, ಅಂಗಡಿ ಇಟ್ಟರು, ಆ ದೇಶದ ಪೌರರಾದರು. ಜರ್ಮನರಂತೂ ಮನೆಯಲ್ಲಿ ತಾಯ್ನುಡಿಯನ್ನೇ ಆಡುತ್ತ, ಆ ಭಾಷೆಯಲ್ಲಿ ಪತ್ರಿಕೆಗಳನ್ನೂ ಶಾಲೆಗಳನ್ನೂ ನಡೆಸಿದರು. ಜರ್ಮನ್-ಅಮೆರಿಕನ್, ಐರಿಷ್-ಅಮೆರಿಕನ್ ಎಂದು ಕರೆಯುವುದು ವಾಡಿಕೆಗೆ ಬಂದಿತು.

೧೯೧೪ರಲ್ಲಿ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಈ ಗೆರೆಯ ಮೇಲೆ ಸಂಶಯದ ಕಣ್ಣು ಬಿದ್ದಿತು. ೧೯೧೫ರ ಅಕ್ಟೋಬರ್ ೧೨ರಂದು ನ್ಯೂಯಾರ್ಕಿನ ಸಭೆಯೊಂದರಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಅಡ್ಡಗೆರೆಯ ಅಮೆರಿಕನ್ನರಿಗೆ ಈ ದೇಶದಲ್ಲಿ ಎಡೆಯಿಲ್ಲವೆಂದು ಸಾರಿದರು. ಹೊರಗಿನಿಂದ ಬಂದು ಪೌರರಾದವರನ್ನು ತಾವು ದೂರುತ್ತಿಲ್ಲ, ಅವರಲ್ಲಿ ಅತ್ಯುತ್ತಮ ಅಮೆರಿಕನ್ನರಿದ್ದಾರೆ, ನಿಷ್ಠೆ ಮಾತ್ರ ಎರಡಾಗಬಾರದು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ನಿಷ್ಠೆ ಎದೆಯೊಳಗೆ ಇರುವಂಥದು, ಹೊರಗೆ ಕಾಣುವುದು ಹೆಸರು ಮತ್ತು ಮಾತು. ರೇಗಿದ ಜನ ಕಾಣುವುದನ್ನೇ ಹಿಡಿದುಕೊಂಡರು. ಅದೇ ವರ್ಷ ಹೊರೇಸ್ ಕ್ಯಾಲನ್ ಎಂಬ ತತ್ತ್ವಶಾಸ್ತ್ರಜ್ಞರು ರಾಷ್ಟ್ರವನ್ನು ವಾದ್ಯಮೇಳಕ್ಕೆ ಹೋಲಿಸಿ, ಒಂದೊಂದು ವಾದ್ಯಕ್ಕೂ ಅದರದೇ ನಾದವಿರಲಿ, ಅದರಿಂದಲೇ ಮೇಳ ಕಳೆಗಟ್ಟುತ್ತದೆಂದು ಬರೆದರು. ಯುದ್ಧದ ಗದ್ದಲದಲ್ಲಿ ಆ ಮಾತಿಗೆ ಕಿವಿಗೊಟ್ಟವರು ಕಡಮೆ.

೧೯೧೭ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಮೊದಲು ನಡೆದದ್ದು ನಗು ಬರಿಸುವಂಥದು. ಜರ್ಮನರ ಊಟದಲ್ಲಿ ಬಳಕೆಯಾಗುವ ಹುಳಿ ಎಲೆಕೋಸಿಗೆ ‘ಸ್ವಾತಂತ್ರ್ಯ ಕೋಸು’ ಎಂದು ನಾಮಕರಣವಾಯಿತು! ನಗು ಬಹುಕಾಲ ಉಳಿಯಲಿಲ್ಲ. ೧೯೧೮ರ ಮೇ ತಿಂಗಳಲ್ಲಿ ಅಯೋವಾ ಸಂಸ್ಥಾನದ ಗವರ್ನರು, ಶಾಲೆ, ರೈಲು, ಟೆಲಿಫೋನು, ದೇವರ ಪ್ರಾರ್ಥನೆ ಎಲ್ಲದರಲ್ಲಿಯೂ ಇಂಗ್ಲಿಷನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದರು. ಅದಕ್ಕೆ ಮುಂಚೆಯೇ, ಏಪ್ರಿಲ್ ೫ರಂದು, ಇಲಿನಾಯ್ ಸಂಸ್ಥಾನದ ಕಾಲಿನ್ಸ್‌ವಿಲ್ ಎಂಬ ಊರಿನ ಬಳಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ಸಂಜಾತ ಕೂಲಿಕಾರನನ್ನು ಗುಂಪೊಂದು ಎಳೆದೊಯ್ದು ಮರಕ್ಕೆ ನೇಣು ಹಾಕಿತು. ಸಾಯುವ ಮುನ್ನ ತಂದೆತಾಯಿಗಳಿಗೆ ನಾಲ್ಕು ಸಾಲು ಬರೆಯಲು ಮಾತ್ರ ಬಿಟ್ಟರು. ಅಮೆರಿಕದ ನೌಕಾದಳಕ್ಕೆ ಸೇರಲು ಹೋಗಿ, ದೇಹದ ಊನದಿಂದಾಗಿ ಹಿಂದಿರುಗಿದ್ದವನು ಅವನು! ವಿಚಾರಣೆಗೊಳಗಾದ ಹನ್ನೊಂದು ಮಂದಿಯೂ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು.

ಯುದ್ಧ ಮುಗಿದರೂ ಸಂಶಯ ಮುಗಿಯಲಿಲ್ಲ. ನೆಬ್ರಾಸ್ಕಾ ಸಂಸ್ಥಾನದಲ್ಲಿ ೧೯೧೯ರ ಕಾಯಿದೆಯೊಂದು, ಎಂಟನೆಯ ತರಗತಿ ದಾಟದ ಮಕ್ಕಳಿಗೆ ಪರಭಾಷೆ ಕಲಿಸುವುದನ್ನು ಅಪರಾಧವೆಂದಿತು. ಮರುವರ್ಷ ಒಂದು ಹಳ್ಳಿಯ ಚರ್ಚಿನ ಶಾಲೆಯಲ್ಲಿ ರಾಬರ್ಟ್ ಮೆಯರ್ ಎಂಬ ಉಪಾಧ್ಯಾಯರು ಹತ್ತು ವರ್ಷದ ಹುಡುಗನಿಗೆ ಬೈಬಲ್ಲಿನ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಓದಿಸಿದರು. ಅದಕ್ಕೆ ೨೫ ಡಾಲರ್ ದಂಡ ಬಿದ್ದಿತು. ಮೆಯರ್ ದಂಡ ತೆತ್ತು ಸುಮ್ಮನಾಗದೆ ಸುಪ್ರೀಂ ಕೋರ್ಟಿನವರೆಗೆ ಹೋದರು. ೧೯೨೩ರ ಜೂನ್ ೪ರಂದು ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಮಾಡಿ, ಮಕ್ಕಳಿಗೆ ಏನು ಕಲಿಸಬೇಕೆಂಬುದರಲ್ಲಿ ತಂದೆತಾಯಿಗಳಿಗೂ ಹಕ್ಕಿದೆಯೆಂದು ತೀರ್ಪಿತ್ತಿತು.

ಇದೆಲ್ಲ ಪರರ ಕಥೆ ಎನ್ನುವಿರಾ? ಅದೇ ೧೯೨೩ರಲ್ಲಿ, ಆ ತೀರ್ಪಿಗೆ ನಾಲ್ಕು ತಿಂಗಳು ಮೊದಲು, ಅದೇ ನ್ಯಾಯಾಲಯದ ಮುಂದೆ ನಮ್ಮ ದೇಶದವರೊಬ್ಬರ ಮೊಕದ್ದಮೆ ಇದ್ದಿತು. ಪಂಜಾಬಿನಿಂದ ಹೋಗಿ, ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಪೌರತ್ವವೆಂಬುದು ಆಗಿನ ಕಾಯಿದೆ. ಜನಸಾಮಾನ್ಯರ ತಿಳಿವಳಿಕೆಯಂತೆ ಥಿಂಡ್ ಬಿಳಿಯರಲ್ಲವೆಂದು ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಅದಾಗಲೇ ಪೌರರಾಗಿದ್ದ ಅನೇಕ ಭಾರತೀಯರು ಪೌರತ್ವ ಕಳೆದುಕೊಂಡರು. ಭಾರತೀಯರಿಗೆ ಬಾಗಿಲು ತೆರೆದ ಕಾಯಿದೆ ಬಂದದ್ದು ೧೯೪೬ರಲ್ಲಿ.

ಜನಗಣತಿಯ ವಿನೋದ ಬೇರೆ. ೧೯೨೦, ೧೯೩೦, ೧೯೪೦ರ ಗಣತಿಗಳಲ್ಲಿ ಭಾರತದವರಿಗೆ ‘ಹಿಂದು’ ಎಂಬ ಜನಾಂಗದ ಹೆಸರು. ಹಾಗೆ ಬರೆಸಿಕೊಂಡವರಲ್ಲಿ ಬಹುಮಂದಿ ಸಿಖ್ಖರು. ಸುಪ್ರೀಂ ಕೋರ್ಟು ಬಿಳಿಯರಲ್ಲವೆಂದ ಈ ಜನವನ್ನೇ ೧೯೭೦ರ ಗಣತಿ ಬಿಳಿಯರ ಪಟ್ಟಿಯಲ್ಲಿ ಸೇರಿಸಿತು! ಅಲ್ಲಿಯ ಭಾರತೀಯರ ಸಂಘದವರು ಒತ್ತಾಯ ಮಾಡಿದ ಮೇಲೆ ೧೯೮೦ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಕಲಮು ಬಂದಿತು. ಮನುಷ್ಯರು ಬದಲಾಗಲಿಲ್ಲ, ಅವರಿಗೆ ಅಂಟಿಸಿದ ಚೀಟಿ ಬದಲಾಯಿತು.

ಅಷ್ಟರಲ್ಲಿ ಗೆರೆಯ ಮೇಲಿನ ಹಗೆಯೂ ಇಳಿದಿತ್ತು. ೧೯೬೮ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ವಿದ್ಯಾರ್ಥಿಗಳು, ಇತರರು ಇಟ್ಟ ಹೆಸರು ಬೇಡವೆಂದು ‘ಏಷ್ಯನ್-ಅಮೆರಿಕನ್’ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಇಂಥ ಹೆಸರುಗಳ ನಡುವೆ ಗೆರೆ ಬೇಡವೆಂದು ೨೦೧೯ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಬರವಣಿಗೆಯ ನಿಯಮವನ್ನು ತಿದ್ದಿತು. ಗೆರೆಯಿರುವಲ್ಲಿ ಪೂರ್ಣ ಪೌರರಲ್ಲವೆಂಬ ಧ್ವನಿ ಬರುತ್ತದೆಂಬುದು ಹಲವರ ಆಕ್ಷೇಪವಾಗಿತ್ತು.

ಗೆರೆಯಿಂದಲೇ ಕೇಡಾಗಲಿ ಒಳಿತಾಗಲಿ ಇಲ್ಲ. ಅದನ್ನು ಎಳೆಯುವ ಕೈ ಯಾರದೆಂಬುದೇ ಮುಖ್ಯ. ಜೋಲಿಯೊ-ಕ್ಯೂರಿ ದಂಪತಿಗಳ ಗೆರೆ ಅವರದೇ ಆಗಿತ್ತು. ಪ್ರೇಗರನ ಗೆರೆಯನ್ನು ಗುಂಪು ಎಳೆಯಿತು, ಥಿಂಡರ ಗೆರೆಯನ್ನು ನ್ಯಾಯಾಲಯ ಎಳೆಯಿತು.

ನಿಮ್ಮಲ್ಲಿ ಕೆಲವರ ಮಕ್ಕಳು, ಮೊಮ್ಮಕ್ಕಳು ಇಂದು ಆ ದೇಶದಲ್ಲಿರಬಹುದು. ರಜಕ್ಕೆ ಬಂದ ಮೊಮ್ಮಗಳು “ಅಜ್ಜೀ, ನಾನು ಯಾವ ಕಡೆಯವಳು?” ಎಂದು ಕೇಳಿದರೆ ಅವಸರದಿಂದ ಉತ್ತರ ಹೇಳಬೇಡಿ, ಆ ಗೆರೆ ಅವಳದು, ಇಟ್ಟುಕೊಳ್ಳಲಿ, ಅಳಿಸಲಿ. ಹಾಗೆಯೇ ನಿಮ್ಮ ಬೀದಿಗೆ ದೂರದ ಊರಿನಿಂದ ಒಂದು ಸಂಸಾರ ಬಂದಿಳಿದಾಗ, ಅವರಿಗೊಂದು ಹೆಸರು ಅಂಟಿಸುವ ಮೊದಲು, ನಿಮ್ಮನ್ನು ಏನೆಂದು ಕರೆಯಲಿ ಎಂದು ಅವರನ್ನೇ ಒಂದು ಮಾತು ಕೇಳಿ.