ಕಲ್ಲೋ, ಕಳ್ಳೋ? ಕೋಲಾರದ ಶಾಸನಗಳು ಕಲಿಸುವ ಇಂಗ್ಲಿಷ್

ಕೇಳ್ತಾ ಕೇಳ್ತಾ ಒಂದು ಸಣ್ಣ ಕೆಲಸ ಮಾಡಿ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ 'ಕಲ್ಲು' ಅಂತ ಟೈಪ್ ಮಾಡಿ. ಕೆ, ಎ, ಎರಡು ಎಲ್, ಯು. ಈಗ 'ಕಳ್ಳು' ಅಂತ ಟೈಪ್ ಮಾಡಿ. ಮತ್ತೆ ಅದೇ ಐದು ಅಕ್ಷರ! ಗೆಳೆಯರ ನಡುವೆ ಆದರೆ ಸಂದರ್ಭ ನೋಡಿ ಅರ್ಥ ಮಾಡ್ಕೋತೀವಿ. ಆದರೆ ಸಾವಿರ ವರ್ಷದ ಹಿಂದಿನ ಬರಹವನ್ನ ಕನ್ನಡವೇ ಬಾರದ ಓದುಗರಿಗೆ ಇಂಗ್ಲಿಷಿನಲ್ಲಿ ತಲುಪಿಸಬೇಕು ಅಂದ್ರೆ?

ಈ ಪ್ರಶ್ನೆಗೆ ನಮ್ಮ ಕೋಲಾರ ಜಿಲ್ಲೆಯಲ್ಲೇ ನೂರು ವರ್ಷಕ್ಕೂ ಹಿಂದೆ ಒಂದು ಉತ್ತರ ಸಿಕ್ಕಿದೆ. 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಒಂದು ದಪ್ಪ ಪುಸ್ತಕ ಅಚ್ಚಾಯಿತು: 'ಎಪಿಗ್ರಾಫಿಯಾ ಕರ್ನಾಟಿಕಾ', ಸಂಪುಟ 10, ಕೋಲಾರ ಜಿಲ್ಲೆಯ ಶಾಸನಗಳು. ಸಂಪಾದಕರು ಬಿ. ಎಲ್. ರೈಸ್. ಮಿಷನರಿಯೊಬ್ಬರ ಮಗ, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಆಗ ಇಂದಿನ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಗೇ ಸೇರಿತ್ತು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಹೀಗೆ ತಾಲೂಕುವಾರು ಶಾಸನಗಳಿಗೆ ನಂಬರ್ ಕೊಟ್ಟಿದ್ದಾರೆ. ಇಡೀ ಮಾಲೆಯ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳಿವೆ.

ಇದನ್ನ ಸಾಮಾನ್ಯವಾಗಿ ಇತಿಹಾಸದವರು ತೆಗೀತಾರೆ. ನನ್ನ ಪ್ರಕಾರ ಇಂಗ್ಲಿಷ್, ಭಾಷಾಶಾಸ್ತ್ರ, ಅನುವಾದ ಓದುವವರಿಗೆ ಇದಕ್ಕಿಂತ ಒಳ್ಳೆ ಅಭ್ಯಾಸ ಪುಸ್ತಕ ಹತ್ತಿರದಲ್ಲೆಲ್ಲೂ ಇಲ್ಲ. ಯಾಕೆ ಅಂದ್ರೆ ಒಂದೇ ಕನ್ನಡ ಶಾಸನ ಇದರಲ್ಲಿ ಮೂರು ರೂಪದಲ್ಲಿ ಸಿಗುತ್ತೆ. ಒಂದು, ಕನ್ನಡ ಲಿಪಿಯ ಪಾಠ. ಎರಡು, ಅದೇ ಕನ್ನಡ ರೋಮನ್ ಅಕ್ಷರದಲ್ಲಿ. ಮೂರು, ಇಂಗ್ಲಿಷ್ ಅನುವಾದ. ಪಕ್ಕಪಕ್ಕ ಇಟ್ಟುಕೊಂಡು ಓದಬಹುದು.

ರೋಮನ್ ರೂಪದಿಂದ ಶುರು ಮಾಡೋಣ. ನಮ್ಮ ವಾಟ್ಸಾಪ್ ಕನ್ನಡದ ಹಾಗೆ ಅಂದಾಜಿನ ಬರವಣಿಗೆ ಅಲ್ಲ ಅದು. ದೀರ್ಘ ಸ್ವರಕ್ಕೆ ಅಕ್ಷರದ ಮೇಲೊಂದು ಗುರುತು. 'ಟ', 'ಡ', 'ಣ'ಗಳಿಗೆ ಕೆಳಗೊಂದು ಚುಕ್ಕೆ. ಆಗ 'ಕಲ್ಲು' ಬೇರೆ, 'ಕಳ್ಳು' ಬೇರೆ. ಹಳಗನ್ನಡದಲ್ಲಿ ಇನ್ನೂ ಒಂದು ಅಕ್ಷರ ಇತ್ತು, 'ೞ'. 'ಬಾಳ್' ಅಂದ್ರೆ ಕತ್ತಿ, 'ಬಾೞ್' ಅಂದ್ರೆ ಬದುಕು. ಇವತ್ತು ನಮಗೆ ಎರಡೂ ಒಂದೇ ಥರ ಕೇಳಿಸುತ್ತೆ. ವೀರಗಲ್ಲು ಓದುವಾಗ ಈ ವ್ಯತ್ಯಾಸ ತಪ್ಪಿದರೆ ಕತ್ತಿ ಹೋಗಿ ಬದುಕು ಬಂದುಬಿಡುತ್ತೆ!

ಈಗ ಅನುವಾದಕ್ಕೆ ಬರೋಣ. ಒಂದು ಪದ ಸಾಕು: 'ಕೊಡಗೆ'. 'ಕೊಡು' ಧಾತುವಿನಿಂದ ಬಂದದ್ದು. ಇಂಗ್ಲಿಷಿನಲ್ಲಿ 'ಗಿಫ್ಟ್' ಅನ್ನಬಹುದಾ? ಕೆರೆ ಕಟ್ಟಿಸಿದವನಿಗೆ, ಅದನ್ನ ನೋಡಿಕೊಳ್ಳುವವನಿಗೆ ಕೊಟ್ಟ ಜಮೀನೂ ಕೊಡಗೆಯೇ. ಅಲ್ಲಿ ಜಮೀನಿನ ಜೊತೆ ಹೊಣೆಯೂ ಬರುತ್ತೆ: ಏರಿ ಒಡೆಯಬಾರದು, ತೂಬು ಕೆಡಬಾರದು. ಊರಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟದ್ದು 'ನೆತ್ತರುಗೊಡಗೆ'. ಅಲ್ಲಿ ಬೆಲೆ ಮೊದಲೇ ಸಂದಾಯ ಆಗಿಬಿಟ್ಟಿದೆ, ರಕ್ತದಲ್ಲಿ. ಇವೆರಡಕ್ಕೂ 'ಗಿಫ್ಟ್' ಅಂತ ಹಾಕಿದರೆ ರಾಜ ಖುಷಿಯಾಗಿ ಏನೋ ಕೊಟ್ಟ ಅನ್ನೋ ಕಥೆಯಷ್ಟೇ ಉಳಿಯುತ್ತೆ. ಕೆರೆಯೂ ಕಾಣೆ, ಸತ್ತವನೂ ಕಾಣೆ. 'ಗ್ರಾಂಟ್' ಸ್ವಲ್ಪ ಹತ್ತಿರ, ಆದರೆ ಹೊಣೆ ಏನು ಅಂತ ಅದೂ ಹೇಳಲ್ಲ. ಗಿಫ್ಟ್, ಗ್ರಾಂಟ್, ಡೊನೇಷನ್, ಎಂಡೋಮೆಂಟ್ ಇವುಗಳ ನಡುವಿನ ವ್ಯತ್ಯಾಸ ಡಿಕ್ಷನರಿಯಲ್ಲಿ ಓದಿದರೆ ಮರೆತುಹೋಗುತ್ತೆ. ನಿಮ್ಮೂರ ಕೆರೆ ಮುಂದಿಟ್ಟುಕೊಂಡು ಆರಿಸಿದರೆ ಮರೆಯಲ್ಲ.

ಅಳತೆಗಳೂ ಹಾಗೇ. 'ಖಂಡುಗ', 'ಕೊಳಗ' ಅನ್ನೋದು ಧಾನ್ಯದ ಅಳತೆ. ಆದರೆ ಶಾಸನದಲ್ಲಿ ಜಮೀನಿನ ವಿಸ್ತಾರವನ್ನೂ ಅದರಲ್ಲೇ ಹೇಳ್ತಾರೆ, ಅಷ್ಟು ಬೀಜ ಬಿತ್ತುವ ನೆಲ ಅನ್ನೋ ಅರ್ಥದಲ್ಲಿ. ಇದನ್ನ ಎಕರೆ ಮಾಡೋಕೆ ಬರುತ್ತಾ? ರೈಸ್ ಇಂಥ ಹಲವು ಪದಗಳನ್ನ ಅನುವಾದಿಸದೆ ಹಾಗೇ ಉಳಿಸಿದರು. ಕೆಲವು ಸಲ ಅನುವಾದಕನ ಕೌಶಲ ಅಂದ್ರೆ ಎಲ್ಲಿ ಕೈ ಹಾಕಬಾರದು ಅಂತ ತಿಳಿಯೋದೇ.

ಕೋಲಾರದ ಕಲ್ಲುಗಳು ಕನ್ನಡದಲ್ಲಿ ಮಾತ್ರ ಇಲ್ಲ, ಇದನ್ನೂ ನೆನಪಿಡಿ. ಗಂಗರ ಕಾಲದ 'ಕುವಳಾಲ'ವೇ ಇವತ್ತಿನ ಕೋಲಾರ. ಮುಳಬಾಗಿಲಿನ ಹತ್ತಿರದ ಆವಣಿಯಲ್ಲಿ ನೊಳಂಬರ ಗುಡಿಗಳಿವೆ. 11ನೇ ಶತಮಾನದಲ್ಲಿ ಚೋಳರು ಬಂದ ಮೇಲೆ ಕೋಲಾರಮ್ಮನ ಗುಡಿಯಲ್ಲಿ ತಮಿಳು ಶಾಸನಗಳು ಬಂದವು. ಆಮೇಲೆ ತೆಲುಗು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದರೆ ತಮಿಳು ಅನ್ನೋ ಹುಡುಗ ಹುಡುಗಿಯರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದೀರಿ! 'ನಂದು ಇಂಗ್ಲಿಷ್ ವೀಕು' ಅಂತ ಹಿಂದಿನ ಬೆಂಚಲ್ಲಿ ಕೂರೋದೂ ನೀವೇ. ಮೂರು ಭಾಷೆಯ ಕಿವಿ ಇರೋರಿಗೆ ಅನುವಾದದ ಅರ್ಧ ಕೆಲಸ ಹುಟ್ಟಿನಿಂದಲೇ ಬಂದಿದೆ.

ಒಂದು ಮಾತು ಹೇಳಲೇಬೇಕು. ಮುಖಪುಟದ ಮೇಲೆ ರೈಸ್ ಹೆಸರಿದೆ. ಆದರೆ ಊರೂರು ತಿರುಗಿ, ಕಲ್ಲು ತೊಳೆದು, ಒದ್ದೆ ಕಾಗದ ಹೊಂದಿಸಿ ಬ್ರಷ್‌ನಿಂದ ಬಡಿದು ಅಚ್ಚು ತೆಗೆಯೋದು, ಸವೆದ ಅಕ್ಷರ ಬಿಡಿಸೋದು ಒಬ್ಬರಿಂದ ಆಗೋ ಕೆಲಸ ಅಲ್ಲ. ಅದರ ಹಿಂದೆ ಸ್ಥಳೀಯ ಪಂಡಿತರ, ಸಿಬ್ಬಂದಿಯ ದುಡಿಮೆ ಇತ್ತು. ರೈಸ್‌ಗೆ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ 1906ರಲ್ಲಿ ಇಲಾಖೆಯ ಹೊಣೆ ಹೊತ್ತರು. 'ಕರ್ನಾಟಕ ಕವಿಚರಿತೆ' ಬರೆದವರು ಇವರೇ. ಕನ್ನಡದ ಆಳ ತಿಳಿದವರೇ ಇಂಗ್ಲಿಷಿನಲ್ಲೂ ನಿಖರವಾಗಿ ಬರೆದರು ಅನ್ನೋದಕ್ಕೆ ಅವರೇ ಸಾಕ್ಷಿ.

ಇದೆಲ್ಲ ಇವತ್ತಿಗೆ ಯಾಕೆ ಬೇಕು? ಕನ್ನಡ ಓದಲಾಗದ ಸಂಶೋಧಕರು ನಮ್ಮ ಊರುಗಳನ್ನ ನೋಡೋದು ಆ ಇಂಗ್ಲಿಷ್ ಅನುವಾದದ ಕಿಟಕಿಯಿಂದ. ಅಲ್ಲಿ ಒಂದು ಪದ ತಪ್ಪಿದರೆ ಊರಿನ ಚರಿತ್ರೆಯೇ ತಪ್ಪುತ್ತೆ. 1905ರ ಅನುವಾದವೇ ಕೊನೆಯದಾಗಬೇಕಿಲ್ಲ. ಅದನ್ನ ತಿದ್ದಿ ಮುಂದುವರಿಸೋಕೆ ಹಳಗನ್ನಡವೂ ಇಂಗ್ಲಿಷೂ ಎರಡೂ ಬರೋರು ಬೇಕು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲೇ ಇದೆ. ಆ ಕೆಲಸ ಅಲ್ಲಿನ ತರಗತಿಗಳಲ್ಲೇ ಶುರುವಾಗಬಹುದಲ್ವಾ?

ಆ ಸಂಪುಟದ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ. ನಿಮ್ಮ ತಾಲೂಕಿನ ಪುಟ ತೆಗೀರಿ, ಗೊತ್ತಿರೋ ಊರಿನ ಒಂದು ಚಿಕ್ಕ ಶಾಸನ ಆರಿಸಿ. ರೈಸ್ ಅನುವಾದ ಮುಚ್ಚಿಟ್ಟು ನಿಮ್ಮದೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೀರಿ, ಆಮೇಲೆ ಹೋಲಿಸಿ ನೋಡಿ. ಹಾಗೇ ಆ ಕಲ್ಲು ಇನ್ನೂ ಅಲ್ಲೇ ಇದೆಯಾ ಅಂತಲೂ ಒಮ್ಮೆ ಹೋಗಿ ನೋಡ್ಕೊಂಡು ಬನ್ನಿ. ಮತ್ತೆ ಸಿಗೋಣ.