ರಸಾವರಿ: ತರಕಾರಿ ಬೆಳೆಯಲ್ಲಿ ನೀರು, ಗೊಬ್ಬರ ಒಂದಾದ ಬಗೆ

ನೀರಿನಲ್ಲಿ ಕರಗಿದ ಗೊಬ್ಬರವನ್ನು ಹನಿ ನೀರಾವರಿಯ ಕೊಳವೆಯಲ್ಲೇ ಗಿಡದ ಬುಡಕ್ಕೆ ತಲುಪಿಸುವ ಪದ್ಧತಿ ರಸಾವರಿ. ರೈತರ ಮಾತಿನಲ್ಲಿ ಇದು 'ಡ್ರಿಪ್‌ನಲ್ಲಿ ಗೊಬ್ಬರ ಬಿಡೋದು'.

ಬೇರಿಗಷ್ಟೇ ನೀರುಣಿಸುವ ಯೋಚನೆ ಹಳೆಯದು. ಕ್ರಿ.ಪೂ. 1ನೇ ಶತಮಾನದಲ್ಲಿ ಚೀನಾದ ಫಾನ್ ಶೆಂಗ್‌ಝಿ ಬರೆದ ಕೃಷಿಗ್ರಂಥದಲ್ಲಿ, ಮಣ್ಣಿನ ಗಡಿಗೆ ಹೂತು ನೀರು ತುಂಬಿ ಸುತ್ತಲೂ ಕರಬೂಜದ ಜಾತಿಯ ಬೀಜ ಊರುವ ಕ್ರಮವಿದೆ. ಗಡಿಗೆಯ ಮೈಯಿಂದ ಜಿನುಗಿದ್ದೇ ಬಳ್ಳಿಗೆ ಸಾಕಾಗುತ್ತಿತ್ತು. ನಮ್ಮ ಹಳೇ ಮೈಸೂರು ಸೀಮೆಯ ತರಕಾರಿ ತೋಟಗಳಲ್ಲಾದರೋ ಕಪಿಲೆ, ಏತಗಳಿಂದ ಬಾವಿ ನೀರೆತ್ತಿ ಮಡಿಗಳಿಗೆ ಹಾಯಿಸುತ್ತಿದ್ದರು. ಪೋಷಣೆಗೆ ಕೊಟ್ಟಿಗೆ ಗೊಬ್ಬರ, ಕೆರೆಯ ಹೂಳು. ಎತ್ತು ಇಲ್ಲವೇ ಆಳು ಎತ್ತಿದಷ್ಟೇ ನೀರಾದ್ದರಿಂದ ಬಳಕೆಗೆ ತಾನಾಗಿಯೇ ಮಿತಿಯಿತ್ತು.

ಗೊಬ್ಬರದ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. 1840ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ಸಸ್ಯಗಳ ಆಹಾರ ಖನಿಜ ಲವಣಗಳೆಂದು ವಾದಿಸಿದ. ಎರಡು ವರ್ಷಗಳಲ್ಲಿ ಇಂಗ್ಲೆಂಡಿನ ಲಾಸ್ ಸೂಪರ್‌ಫಾಸ್ಫೇಟ್‌ಗೆ ಪೇಟೆಂಟ್ ಪಡೆದ. 1860ರ ಹೊತ್ತಿಗೆ ಜರ್ಮನಿಯ ವಿಜ್ಞಾನಿಗಳಾದ ಸ್ಯಾಕ್ಸ್ ಮತ್ತು ಕ್ನಾಪ್, ಮಣ್ಣೇ ಇಲ್ಲದೆ ಲವಣ ಕರಗಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದರು. ರಸಾವರಿಯ ತಿರುಳೆಲ್ಲ ಈ ಪ್ರಯೋಗದಲ್ಲೇ ಇತ್ತು. ಹೊಲಕ್ಕೆ ಇಳಿಯಲು ಮಾತ್ರ ನೂರು ವರ್ಷ ಬೇಕಾಯಿತು.

ಕೊರತೆಯಿದ್ದದ್ದು ಕೊಳವೆಯದು. ಸೋರುವ ಪೈಪಿನ ಬಳಿಯ ಮರವೊಂದು ಉಳಿದ ಮರಗಳಿಗಿಂತ ಹುಲುಸಾಗಿ ಬೆಳೆದುದನ್ನು 1930ರ ದಶಕದಲ್ಲಿ ನೀರಾವರಿ ಎಂಜಿನಿಯರ್ ಸಿಮ್ಖಾ ಬ್ಲಾಸ್ ಗಮನಿಸಿದ್ದರು. ಪ್ಲಾಸ್ಟಿಕ್ ಕೈಗೆಟುಕಿದ ಮೇಲೆ, ಹನಿಹನಿಯಾಗಿ ನೀರು ಬಿಡುವ ಸಾಧನವೊಂದನ್ನು ರೂಪಿಸಿದರು. ಸಣ್ಣ ತೂತು ಬೇಗ ಕಟ್ಟಿಕೊಳ್ಳುತ್ತದೆ. ಅದರ ಬದಲು ನೀರನ್ನು ಉದ್ದನೆಯ ಸುರುಳಿ ದಾರಿಯಲ್ಲಿ ಹರಿಸಿ, ಘರ್ಷಣೆಯಿಂದಲೇ ಅದರ ಒತ್ತಡ ಇಳಿಸಿದರು. 1965ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಹಟ್ಜೆರಿಮ್ ಕಿಬ್ಬುಟ್ಸ್ ಎಂಬ ಸಾಮೂಹಿಕ ಕೃಷಿ ಹಳ್ಳಿಯ ಜೊತೆಗೂಡಿ, ಈ ಸಾಧನ ತಯಾರಿಸುವ ನೆಟಾಫಿಮ್ ಕಂಪನಿ ಆರಂಭವಾಯಿತು.

ಹನಿ ನೀರಾವರಿ ಬಂದಾಗ ಗೊಬ್ಬರದ ರೂಢಿಯೂ ಬದಲಾಗಲೇಬೇಕಾಯಿತು. ಹನಿ ಬಿದ್ದಲ್ಲಿ ಮಾತ್ರ ಮಣ್ಣು ತೇವವಾಗುವುದರಿಂದ ಬೇರುಗಳೂ ಅಲ್ಲೇ ಒತ್ತಾಗಿ ಸೇರುತ್ತವೆ. ಒಣ ಸಾಲಿಗೆ ಎರಚಿದ ಗೊಬ್ಬರ ಅವುಗಳಿಗೆ ಸಿಗುವುದೇ ಇಲ್ಲ. ಹಾಗಾಗಿ ಗೊಬ್ಬರವೂ ನೀರಿನ ಜೊತೆಗೇ ಹೋಗಬೇಕಾಯಿತು. ಇದರಿಂದ ಪ್ರಮಾಣವೂ ಹಿಡಿತಕ್ಕೆ ಬಂತು: ಟೊಮೆಟೊ ಬೇರು ಬಿಡುವಾಗ ರಂಜಕ, ಕಾಯಿ ಕಟ್ಟುವಾಗ ಹೆಚ್ಚು ಪೊಟ್ಯಾಷ್, ಅದೂ ಕಂತುಕಂತಾಗಿ. ಹಾಯಿನೀರಿನಲ್ಲಿ ಬೇರಿನ ಕೆಳಗೆ ಇಳಿದುಹೋಗುತ್ತಿದ್ದ ನೈಟ್ರೇಟ್ ಗಿಡಕ್ಕೆ ದಕ್ಕಿತು. ತೇವ ಏರಿಳಿಯದಿದ್ದರೆ ಹಣ್ಣು ಬಿರಿಯುವುದೂ ತುದಿ ಕೊಳೆಯುವುದೂ ಕಡಿಮೆ. ಹೊಸ ತೊಡಕುಗಳೂ ಬಂದವು: ಕ್ಯಾಲ್ಸಿಯಂ ನೈಟ್ರೇಟನ್ನು ಫಾಸ್ಫೇಟ್ ಜೊತೆ ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಗಷ್ಟು ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ. ಗಡಸು ಬೋರ್‌ವೆಲ್ ನೀರಿಗೆ ಆಗಾಗ್ಗೆ ಆಮ್ಲ ಹಾಯಿಸಬೇಕು.

ಭಾರತದಲ್ಲಿ ಕೃಷಿಯಲ್ಲಿ ಪ್ಲಾಸ್ಟಿಕ್ ಬಳಕೆಗೆ 1981ರಲ್ಲಿ ರಾಷ್ಟ್ರೀಯ ಸಮಿತಿ ರಚನೆಯಾಯಿತು. 2006ರಲ್ಲಿ ಕೇಂದ್ರದ ಸೂಕ್ಷ್ಮ ನೀರಾವರಿ ಯೋಜನೆ ಬಂತು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿಗಳಿಗೆ ರಸಾವರಿಯ ಪ್ರಮಾಣಗಳನ್ನು ರೂಪಿಸಿತು.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಈ ತಂತ್ರವನ್ನು ಮನಸಾರೆ ಅಪ್ಪಿಕೊಂಡಿತು. ಡ್ರಿಪ್, ನೆಲ ಮುಚ್ಚುವ ಮಲ್ಚಿಂಗ್ ಶೀಟ್, ಗೊಬ್ಬರದ ದ್ರಾವಣವನ್ನು ಕೊಳವೆಗೆ ಹೀರುವ ವೆಂಚುರಿ ಇಲ್ಲದ ಟೊಮೆಟೊ ತೋಟ ಅಲ್ಲಿ ಈಗ ಅಪರೂಪ. ಆದರೆ ಎಕರೆಗೆ ಉಳಿದ ನೀರು ನೆಲದಡಿ ಉಳಿಯಲಿಲ್ಲ, ಇನ್ನಷ್ಟು ನೆಲವನ್ನು ತೋಟವಾಗಿಸಿತು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು. ಬತ್ತಿದ ಅಂತರ್ಜಲ ತುಂಬಲು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ.

ಅಂತರ್ಜಲಕ್ಕೆ ಸೇರಿರುವ ನೈಟ್ರೇಟ್ ಸಹ ಗೊಬ್ಬರದ ಲೆಕ್ಕಕ್ಕೆ ಬರಬೇಕು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಷ್ಟಿರುವ ನೀರನ್ನು 10 ಲಕ್ಷ ಲೀಟರ್ ಹಾಯಿಸಿದರೆ ಸುಮಾರು 10 ಕೆ.ಜಿ. ಸಾರಜನಕ, ಅಂದರೆ 22 ಕೆ.ಜಿ. ಯೂರಿಯಾದಲ್ಲಿರುವಷ್ಟು, ಆಗಲೇ ಬೆಳೆಗೆ ಬಿದ್ದಿರುತ್ತದೆ.